ಕೀಲಿಕೈ ಮತ್ತು ಉಗ್ರಾಣ

ನಮ್ಮ ಕಮತಗಿಯ ಒಂದು ಚಿಕ್ಕ ವಿದ್ಯಾಸಂಸ್ಥೆಗೆ ನಾನು ಇಪ್ಪತ್ತೊಂದು ವರ್ಷ ಅಧ್ಯಕ್ಷನಾಗಿದ್ದೆ. ಕಳೆದ ವರ್ಷದ ವಾರ್ಷಿಕ ಸಭೆ ಮುಗಿಯುವ ಹೊತ್ತಿಗೆ ನನ್ನದೇ ಶಿಷ್ಯನೊಬ್ಬನು ಎದ್ದು ನಿಂತು ಕೈಮುಗಿದು, "ಗುರುಗಳ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಹಿಂದ ಯಾರು ಅನ್ನೂದನ್ನ ನೀವು ಗಟ್ಟಿ ಇದ್ದಾಗನ ಹೇಳಿದ್ರ ಚಲೋ ಆಕ್ಕೈತ್ರಿ" ಎಂದನು. ಸಭೆ ಸ್ತಬ್ಧವಾಯಿತು. ನಾನು ನಗೆಯನ್ನು ತಂದುಕೊಂಡು, "ಎಲ್ಲಾ ಶಿವನಿಚ್ಛೆ" ಎಂದು ಮಾತು ಮುಗಿಸಿದೆ.

ಆ ರಾತ್ರಿ ಪ್ರಸಾದ ರುಚಿಸಲಿಲ್ಲ. ಮನೆಮನೆ ತಿರುಗಿ ದೇಣಿಗೆ ಎತ್ತಿದವನು ನಾನು. ಕಟ್ಟಡದ ಒಂದೊಂದು ಕಲ್ಲಿನ ಕಥೆ ಬಲ್ಲವನು ನಾನು. ಈ ಹುಡುಗರಿಗೆ ಏನು ಗೊತ್ತು ಎಂಬ ಕೋಪ ಮನಸ್ಸನ್ನು ತುಂಬಿತ್ತು. ಕೋಪವು ಇಳಿದ ಮೇಲೆ ನೆನಪಾದದ್ದು ತೀರ್ಥರೂಪರು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಪ್ರಸಂಗ. ಊರಲ್ಲಿ ಪಂಚಾಯಿತಿಯ ಜಗಳವೆದ್ದಾಗಲೆಲ್ಲ ಅವರು, "ನಮ್ಮ ಹುನಗುಂದದ ಕಂಠಿಯವರನ್ನ ನೋಡ್ರಿ" ಎಂದು ಆರಂಭಿಸುತ್ತಿದ್ದರು.

ಎಸ್. ಆರ್. ಕಂಠಿಯವರು ಹುನಗುಂದ ಕ್ಷೇತ್ರದಿಂದ ಶಾಸಕರಾಗಿದ್ದವರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿ 1962ರವರೆಗೆ ಕಾರ್ಯ ನಿರ್ವಹಿಸಿದರು. ಆಗ ಮುಖ್ಯಮಂತ್ರಿಗಳಾಗಿದ್ದ ಬಿ. ಡಿ. ಜತ್ತಿಯವರೂ ನಮ್ಮ ಸೀಮೆಯವರೇ. ಜಮಖಂಡಿ ತಾಲೂಕಿನ ಸಾವಳಗಿಯವರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷಕ್ಕೆ ಬಹುಮತ ದೊರೆಯಿತು. ಆದರೆ ಹಿರಿಯ ನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಭವಗೊಂಡರು. ಆ ಸಂದರ್ಭದಲ್ಲಿ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಶಾಸಕರೊಬ್ಬರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ಅಲ್ಲಿಂದ ನಿಜಲಿಂಗಪ್ಪನವರು ಆರಿಸಿ ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಪದವಿಯನ್ನು ಅವರಿಗೆ ಒಪ್ಪಿಸಿ ಕೆಳಗಿಳಿದರು. ಅವರ ಆಡಳಿತಕ್ಕೆ ನೂರು ದಿನಗಳೂ ತುಂಬಿರಲಿಲ್ಲ.

ರಾಮನ ಪಾದುಕೆಗಳನ್ನಿಟ್ಟು ರಾಜ್ಯವಾಳಿದ ಭರತನಿಗೆ ಅವರನ್ನು ಹೋಲಿಸಿ ಮಾತನಾಡುವವರಿದ್ದಾರೆ. ಹೋಲಿಕೆ ಸೊಗಸಾಗಿದೆ, ಆದರೆ ಶಾಸ್ತ್ರ ಓದಿದವನು ಎರಡು ಕಡೆಯೂ ನೋಡಬೇಕು. ಅದು ಅರಣ್ಯಕ್ಕೆ ಹೋದ ವೈರಾಗ್ಯವಲ್ಲ, ಪಕ್ಷದೊಳಗಿನ ಒಪ್ಪಂದ. ಬಹುಮತದ ಪಕ್ಷವು ಕೈಬಿಟ್ಟರೆ ಯಾವ ಮುಖ್ಯಮಂತ್ರಿಯೂ ನಿಲ್ಲಲಾರ. ಶಾಸನಸಭೆಯ ಸದಸ್ಯರಲ್ಲದವರೂ ಆರು ತಿಂಗಳವರೆಗೆ ಮಂತ್ರಿಯಾಗಿರಬಹುದು ಎಂದು ನಮ್ಮ ಸಂವಿಧಾನದ 164ನೆಯ ಅನುಚ್ಛೇದ ಹೇಳುತ್ತದೆ. ಆದ್ದರಿಂದ ನಿಜಲಿಂಗಪ್ಪನವರು ನೇರವಾಗಿಯೇ ಪ್ರಮಾಣವಚನ ಸ್ವೀಕರಿಸಬಹುದಾಗಿತ್ತು ಎಂದು ಇಂದು ಕುಳಿತು ವಾದಿಸಬಹುದು.

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಗದ್ದುಗೆಯ ಮೇಲೆ ಕುಳಿತವನಿಗೆ ಮೂರು ತಿಂಗಳೆಂಬುದು ಸಣ್ಣ ಅವಧಿಯಲ್ಲ. ಅಧಿಕಾರಿಗಳು ಕೈಕಟ್ಟಿ ನಿಲ್ಲುತ್ತಾರೆ. ಹೊಗಳುವವರು ಬಾಗಿಲಲ್ಲಿ ನೆರೆಯುತ್ತಾರೆ. "ನೀವಲ್ಲದೆ ನಾಡಿಗೆ ಗತಿಯಿಲ್ಲ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಆ ಮಾತನ್ನು ನಂಬಿದವನು ತನ್ನದೊಂದು ಗುಂಪು ಕಟ್ಟಿಕೊಳ್ಳುತ್ತಾನೆ. ಕಂಠಿಯವರು ಹಾಗೆ ಮಾಡಲಿಲ್ಲ. ಅದಕ್ಕಿಂತಲೂ ಹೆಚ್ಚಿನದೆಂದರೆ, ತಾವು ಕುಳಿತಿದ್ದ ಪೀಠದಲ್ಲಿ ಬೇರೊಬ್ಬರು ಕುಳಿತಾಗ ಅವರ ಸಂಪುಟದಲ್ಲಿಯೇ ಶಿಕ್ಷಣ ಮಂತ್ರಿಗಳಾಗಿ ದುಡಿದರು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದುದರಲ್ಲಿ ಅವರ ಪ್ರಯತ್ನ ದೊಡ್ಡದು. ಮುಖ್ಯಮಂತ್ರಿಯ ಮೂರು ತಿಂಗಳಿಗಿಂತ ಮಂತ್ರಿಯ ಆ ಕಾಯಕವೇ ಹೆಚ್ಚು ಕಾಲ ಉಳಿದಿದೆ. ಅವರು 1969ರಲ್ಲಿ ಲಿಂಗೈಕ್ಯರಾದರು.

ಮುಂದೆ ನಮ್ಮ ದೇಶದ ರಾಜಕಾರಣದಲ್ಲಿ ಕೊಟ್ಟ ಮಾತಿಗೆ ಬೆಲೆ ಇಳಿಯುತ್ತ ಬಂದಿತು. ಗೆದ್ದ ಪಕ್ಷವನ್ನು ಬಿಟ್ಟು ಹಾರುವವರನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿ ಮಾಡಬೇಕಾಯಿತು. ಆದರೆ ಸರಿಯಾದ ಹೊತ್ತಿಗೆ ಎದ್ದು ಹೋಗುವಂತೆ ಮಾಡುವ ಕಾಯಿದೆಯನ್ನು ಯಾವ ಸಭೆಯೂ ಬರೆಯಲಾರದು. ಅದನ್ನು ಮನುಷ್ಯನು ತನ್ನೊಳಗೆ ತಾನೇ ಬರೆದುಕೊಳ್ಳಬೇಕು.

ಇದೇ ಹುನಗುಂದ ತಾಲೂಕಿನಲ್ಲಿ ಕೂಡಲಸಂಗಮವಿದೆ. ನಮ್ಮ ಊರ ಸನಿಹದಲ್ಲಿ ಹರಿಯುವ ಮಲಪ್ರಭೆ ಅಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣನವರು ಕೊನೆಗೆ ಎಲ್ಲವನ್ನೂ ಬಿಟ್ಟು ಬಂದು ಐಕ್ಯರಾದುದು ಅಲ್ಲಿಯೇ. ರಾಜಭಂಡಾರವನ್ನು ನೋಡಿಕೊಂಡ ಕೈಗೆ ಅದು ತನ್ನದೆಂಬ ಭ್ರಮೆ ಅಂಟಿರಲಿಲ್ಲ. ಒಬ್ಬ ರಾಜಕಾರಣಿಯನ್ನು ಆ ಮಹಾಪುರುಷನ ಪಕ್ಕದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಈ ನೆಲದಲ್ಲಿ ಹುಟ್ಟಿ ಬೆಳೆದವನಿಗೆ ಬಿಟ್ಟುಕೊಡುವ ಪಾಠ ಎಷ್ಟು ಹತ್ತಿರದಲ್ಲಿದ್ದಿತು ಎಂದು ಹೇಳುವುದಷ್ಟೇ ಉದ್ದೇಶ.

ನಿಜಕ್ಕೂ ಆ ಪಾಠ ನನಗೆ ಬಾಲ್ಯದಲ್ಲಿಯೇ ಆಗಿತ್ತು. ಮಠದಲ್ಲಿ ಓದುವಾಗ ದಾಸೋಹದ ಉಗ್ರಾಣದ ಕೀಲಿಕೈಯನ್ನು ತಿಂಗಳಿಗೊಬ್ಬ ವಿದ್ಯಾರ್ಥಿಯ ಕೈಗೆ ಕೊಡುವ ಪದ್ಧತಿಯಿತ್ತು. ನನ್ನ ಸರದಿಯ ತಿಂಗಳು ಮುಗಿದಾಗ ನಾನು ಕೀಲಿಕೈಯನ್ನು ಉಡಿಯಲ್ಲಿಟ್ಟುಕೊಂಡು ಮರೆತವನಂತೆ ಎರಡು ದಿನ ತಿರುಗಿದೆ. ಬೆಲ್ಲ ಕದಿಯುವ ಆಸೆಗಲ್ಲ. ಅಡಿಗೆಯವರು ನನ್ನನ್ನು ಕೇಳಿಯೇ ಜೋಳ ಅಳೆಯಬೇಕಲ್ಲ ಎಂಬ ಸುಖಕ್ಕೆ. ಪೂಜ್ಯ ಗುರುಗಳು ನನ್ನನ್ನು ಕರೆದು ತಲೆಯ ಮೇಲೆ ಕೈಯಿಟ್ಟು, "ತಮ್ಮಾ, ಕೀಲಿಕೈ ನಿನ್ನ ಉಡಿಯಾಗ ಐತಿ, ಉಗ್ರಾಣ ನಿಂದಲ್ಲ" ಎಂದರು. ಅಂದು ನಾಚಿಕೆಯಿಂದ ಅತ್ತ ಹುಡುಗನೇ ಇಪ್ಪತ್ತೊಂದು ವರ್ಷ ಅಧ್ಯಕ್ಷನ ಖುರ್ಚಿಯಲ್ಲಿ ಕುಳಿತು ಆ ಮಾತನ್ನು ಮರೆತಿದ್ದನು.

ಮರುದಿನ ನೆರೆಮನೆಯ ನೇಕಾರ ಹಿರಿಯರ ಬಳಿ ಇದನ್ನು ಹೇಳಿಕೊಂಡೆ. ಅವರು ಮಗ್ಗ ನಿಲ್ಲಿಸಿ ನಕ್ಕರು. "ಶಾಸ್ತ್ರಿಗಳ, ಹಳೇ ಹಾಸು ಪೂರಾ ತೀರೂತನಕ ನೇಯ್ದ್ರ ಹೊಸಾ ಹಾಸು ಯಾತಕ್ಕ ಗಂಟ ಹಾಕೂದ್ರಿ? ಒಂದೀಟ ಎಳಿ ಉಳಸ್ಬೇಕು" ಎಂದರು. ಅಷ್ಟು ಸಾಕಾಯಿತು. ಆ ತಿಂಗಳಲ್ಲಿಯೇ ರಾಜೀನಾಮೆ ಬರೆದು, ಪ್ರಶ್ನೆ ಕೇಳಿದ ಶಿಷ್ಯನ ಹೆಸರನ್ನು ನಾನೇ ಸೂಚಿಸಿದೆ.

ಇದರಿಂದ ನಾನು ದೊಡ್ಡವನಾದೆನೆಂದು ಓದುಗರು ಭಾವಿಸಬಾರದು. ಹೊಸ ಅಧ್ಯಕ್ಷನು ನಾನು ಮಾಡಿಟ್ಟ ಒಂದು ವ್ಯವಸ್ಥೆಯನ್ನು ಮೊದಲ ತಿಂಗಳಲ್ಲಿಯೇ ಬದಲಿಸಿದಾಗ ಎದೆಯಲ್ಲಿ ಮುಳ್ಳು ಆಡಿತು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಸುಮ್ಮನಿರುವುದು ಅಧ್ಯಕ್ಷತೆಗಿಂತ ಕಠಿಣ ವ್ರತ. ಮುಖ್ಯಮಂತ್ರಿಯಾಗಿದ್ದವರು ಮಂತ್ರಿಯಾಗಿ ಕುಳಿತದ್ದು ಎಂಥ ಸಾಧನೆಯೆಂಬುದು ನನಗೆ ಆಗಲೇ ಅರ್ಥವಾಯಿತು.

ಸದ್ಗೃಹಸ್ಥರೇ, ತಾಯಂದಿರೇ, ಈ ಮಾತು ವಿಧಾನಸೌಧಕ್ಕೆ ಮಾತ್ರ ಸಲ್ಲುವುದಲ್ಲ. ಹೊಲದ ವ್ಯವಹಾರ ಬೆಳೆದ ಮಗನ ಕೈಗೆ ಹೋಗಬೇಕು. ಸಂದೂಕದ ಕೀಲಿಕೈ ಅತ್ತೆಯ ಸೊಂಟದಿಂದ ಸೊಸೆಯ ಕೈಗೆ ಬರಬೇಕು. ಕೈ ನಡುಗುವ ಮೊದಲೇ, ಹರಸಿ ಕೊಡಬೇಕು. ಕೊಟ್ಟ ಮೇಲೆ ಅದೇ ಮನೆಯಲ್ಲಿ ನಗುನಗುತ್ತ ದುಡಿಯಬೇಕು.

ಈಗ ನಾನು ರವಿವಾರದಂದು ಅದೇ ಶಾಲೆಯ ಮಕ್ಕಳಿಗೆ ವಚನ ಹೇಳಿಕೊಡುತ್ತೇನೆ. ಕೋಣೆಯ ಬಾಗಿಲು ತೆರೆಯಲು ಕೀಲಿಕೈಯನ್ನು ಜವಾನನಲ್ಲಿ ಕೇಳಿ ಪಡೆಯುತ್ತೇನೆ. ಪಾಠ ಮುಗಿದೊಡನೆ ಅವನ ಕೈಗೇ ಒಪ್ಪಿಸಿ ಮನೆಗೆ ಬರುತ್ತೇನೆ.