ವಿಜ್ಞಾನದ ಮೇಷ್ಟ್ರಿಗೆ ಕಥೆಪುಸ್ತಕ ಯಾಕೆ?

ಬಿ.ಎಸ್ಸಿ. ಮಾಡಿದವರು ಕಾದಂಬರಿ ಓದುತ್ತಾರೆ ಎಂದರೆ ಇನ್ನೂ ಕೆಲವರು ಹುಬ್ಬೇರಿಸುತ್ತಾರೆ. ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಪಾಠಯೋಜನೆ ಬರೆಯೋಕೇ ಟೈಮ್ ಸಾಲಲ್ಲ ಅಂತೀರಿ, ಇದನ್ನ ಯಾವಾಗ ಓದ್ತೀರಮ್ಮ?" ಎಂದು ಕೇಳಿದರು. "ಬಸ್ಸಿನಲ್ಲಿ ಸರ್" ಎಂದೆ. ಯಾವಾಗ ಎಂಬುದಕ್ಕೆ ಉತ್ತರ ಅಷ್ಟೇ. ಯಾಕೆ ಎಂಬುದನ್ನು ಈ ವರ್ಷ ಓದಿದ ಐದು ಪುಸ್ತಕಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲನೆಯದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೆ ಪಾಠಕ್ಕೆ ನನಗೆ ಹೆಚ್ಚು ಒದಗಿದ್ದು ಈ ಪುಸ್ತಕ. ಎಂಟನೇ ತರಗತಿಗೆ ಬೆಳೆ ಉತ್ಪಾದನೆಯ ಪಾಠ ಮಾಡುವಾಗ, "ನಿನ್ನೆ ನಿಮ್ಮ ಮನೆಯ ಅಡುಗೆಯಲ್ಲಿ ಏನೇನಿತ್ತು?" ಎಂದು ಕೇಳಿ ಬೋರ್ಡಿನ ಮೇಲೆ ಪಟ್ಟಿ ಮಾಡಿದೆ. ಆಮೇಲೆ 1492ರಲ್ಲಿ ಕೊಲಂಬಸ್ ಅಮೆರಿಕದ ಕಡೆ ಹೋಗುವುದಕ್ಕೆ ಮೊದಲು ನಮ್ಮಲ್ಲಿ ಇಲ್ಲದಿದ್ದುವನ್ನು ಒಂದೊಂದಾಗಿ ಅಳಿಸುತ್ತ ಹೋದೆ. ಮೆಣಸಿನಕಾಯಿ ಹೋಯಿತು, ಟೊಮ್ಯಾಟೊ ಹೋಯಿತು, ಆಲೂಗಡ್ಡೆ, ಕಡಲೆಕಾಯಿ ಹೋದವು. "ಹಂಗಾದ್ರೆ ಆವಾಗ ಖಾರಕ್ಕೆ ಏನ್ ಹಾಕ್ತಿದ್ರು ಮಿಸ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಕರಿಮೆಣಸು ಎಂದೆ. "ಅದಕ್ಕೇ ಇದಕ್ಕೆ ಮೆಣಸಿನ ಕಾಯಿ ಅಂತ ಹೆಸರಾ?" ಎಂದು ಇನ್ನೊಬ್ಬ. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರೇ ಅಂಟಿಕೊಂಡದ್ದನ್ನು ಹದಿಮೂರು ವರ್ಷದ ಹುಡುಗ ತಾನೇ ಕಂಡುಕೊಂಡ. ಪುಸ್ತಕದ ಕೆಲವು ಕಡೆ ವಿವರಗಳ ಭಾರಕ್ಕೆ ಓದು ನಿಧಾನವಾಗುತ್ತದೆ, ನಿಜ. ಆದರೂ ಜೀವವಿಜ್ಞಾನ ತೆಗೆದುಕೊಂಡವರೆಲ್ಲ ಓದಲೇಬೇಕು.

ತೇಜಸ್ವಿಯವರ 'ಕರ್ವಾಲೊ' (1980) ನಾನು ಪಿ.ಯು.ಸಿ.ಯಲ್ಲಿ ಓದಿದ್ದೆ. ಆಗ ಹಾರುವ ಓತಿಯ ಸಾಹಸ ಮಾತ್ರ ಹಿಡಿಸಿತ್ತು. ಈಗ ಮತ್ತೆ ಓದಿದಾಗ ಕಣ್ಣು ಹೋದದ್ದು ಮಂದಣ್ಣನ ಕಡೆಗೆ. ಊರಿನವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಅವನಲ್ಲಿ ಹುಟ್ಟಾ ನಿಸರ್ಗತಜ್ಞನನ್ನು ಕಾಣುತ್ತಾರೆ. ನಾವು ಮೌಲ್ಯಮಾಪನ ಎಂಬ ಪತ್ರಿಕೆಯನ್ನು ಒಂದು ಸೆಮಿಸ್ಟರ್ ಓದುತ್ತೇವೆ. ಆದರೆ ಯಾವ ಅಳತೆಗೋಲಿನಲ್ಲಿ ಯಾರು ದಡ್ಡರಾಗುತ್ತಾರೆ ಎಂಬುದು ಈ ಕಾದಂಬರಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನನ್ನದೊಂದು ತಕರಾರೂ ಇದೆ: ಆ ಕಾಡಿನ ಹುಡುಕಾಟದಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲ. ನನ್ನ ತರಗತಿಯ ಅರ್ಧದಷ್ಟು ಹುಡುಗಿಯರಿಗೆ ಈ ಪುಸ್ತಕ ಕೊಡುವಾಗ ಆ ಮಾತನ್ನೂ ಸೇರಿಸಿ ಕೊಡುತ್ತೇನೆ.

ತೆತ್ಸುಕೊ ಕುರೊಯಾನಾಗಿಯವರ 'ತೊತ್ತೊ ಚಾನ್' ಶಿಕ್ಷಕರಾಗುವವರೆಲ್ಲ ಮೆಚ್ಚುವ ಪುಸ್ತಕ. ರೈಲು ಡಬ್ಬಿಗಳೇ ತರಗತಿಗಳಾಗಿರುವ ತೊಮೊಯೆ ಶಾಲೆ, ಹೊಸ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುವ ಮುಖ್ಯೋಪಾಧ್ಯಾಯ ಕೊಬಾಯಾಶಿ. ಓದುವಾಗ ನನಗೂ ಕಣ್ಣು ತೇವವಾಯಿತು. ಆದರೆ ಅಲ್ಲಿ ಇಡೀ ಶಾಲೆಗೆ ಸುಮಾರು ಐವತ್ತು ಮಕ್ಕಳು. ನನಗೆ ಕೊಟ್ಟಿದ್ದ ಒಂದೇ ಸೆಕ್ಷನ್ನಿನಲ್ಲಿ 52. ಒಬ್ಬೊಬ್ಬರಿಗೆ ನಾಲ್ಕು ಗಂಟೆ ಎಂದರೆ 208 ಗಂಟೆ, ನನ್ನ ಬೋಧನಾಭ್ಯಾಸದ ಅವಧಿಗಳನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಆದ್ದರಿಂದ ಈ ಪುಸ್ತಕವನ್ನು ಮಾದರಿ ಎಂದು ತೋರಿಸಿ, ಹಾಗೆ ಮಾಡಲಾಗದ ಶಿಕ್ಷಕರನ್ನು ಸಣ್ಣವರನ್ನಾಗಿ ಮಾಡುವುದು ಸರಿಯಲ್ಲ. ನಾನು ಅದರಿಂದ ತೆಗೆದುಕೊಂಡದ್ದು ಇಷ್ಟೇ: ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ದಿನಕ್ಕೆ ಇಬ್ಬರು ಮಕ್ಕಳ ಪಕ್ಕ ಕೂತು ಅವರ ಮಾತು ಕೇಳುವುದು. ನಡುವೆ ಬಾಯಿ ಹಾಕದೆ ಕೇಳುವುದು ಪಾಠ ಮಾಡುವುದಕ್ಕಿಂತ ಕಷ್ಟ.

ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ನಡೆಯುತ್ತಿರುವುದನ್ನು, ಅವರಲ್ಲಿ ಒಬ್ಬರು ತನ್ನ ಅಪ್ಪನೇ ಆಗಿರುವುದನ್ನು ಹುಡುಗನೊಬ್ಬ ನೋಡುವ ಚಿತ್ರ ಅದರಲ್ಲಿದೆ. ಸಿಟ್ಟಿಗೇಳಬೇಕಾದ ಕಡೆಯೂ ಲೇಖಕರು ನಗಿಸುತ್ತಾರೆ, ನಕ್ಕ ಮೇಲೆ ನಮಗೇ ಮುಜುಗರವಾಗುತ್ತದೆ. ಅದನ್ನು ಓದುತ್ತಿದ್ದ ವಾರವೇ ನಾವು ವ್ಯಕ್ತಿ ಅಧ್ಯಯನಕ್ಕಾಗಿ ಮಕ್ಕಳ ಮಾಹಿತಿ ತುಂಬಬೇಕಿತ್ತು. ತಂದೆಯ ಉದ್ಯೋಗ, ವಾರ್ಷಿಕ ವರಮಾನ ಇತ್ಯಾದಿ. ಸಾಮಾನ್ಯವಾಗಿ ಇದನ್ನು ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾರೆ. ನಾನು ಮಕ್ಕಳನ್ನು ಒಬ್ಬೊಬ್ಬರಾಗಿ ವರಾಂಡಕ್ಕೆ ಕರೆದು ಕೇಳಿದೆ. ಎರಡು ದಿನ ಹೆಚ್ಚು ಹಿಡಿಯಿತು. ಒಬ್ಬ ಹುಡುಗ ಮೆಲ್ಲಗೆ, "ಅಪ್ಪ ಇಲ್ಲ ಮಿಸ್, ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ" ಎಂದ. ಆ ಎರಡು ದಿನ ಹೋದದ್ದು ಸಾರ್ಥಕ ಎನಿಸಿತು.

ಕೊನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಇದು ತರಗತಿಗೆ ಒಯ್ಯುವ ಪುಸ್ತಕವಲ್ಲ, ನಮಗಾಗಿ ಓದಿಕೊಳ್ಳುವಂಥದ್ದು. ದಿಢೀರನೆ ಹಣ ಕಂಡ ಕುಟುಂಬವೊಂದು ಮನೆಬಾಗಿಲಿಗೆ ಬಂದ ಹೆಂಗಸನ್ನು ಬೈದು ಓಡಿಸುತ್ತದೆ. ಕಥೆ ಹೇಳುವವನು ಸುಮ್ಮನೆ ನಿಂತಿರುತ್ತಾನೆ. ಅವನು ಕೆಟ್ಟವನಲ್ಲ, ಏನೂ ಮಾಡದವನು ಅಷ್ಟೇ. ಉತ್ತರ ತಪ್ಪಿದ ಮಗುವನ್ನು ತರಗತಿಯೆಲ್ಲ ನಕ್ಕಾಗ ಸುಮ್ಮನಿರುವ ಶಿಕ್ಷಕರೂ ಆ ನಗುವಿನಲ್ಲಿ ಪಾಲುದಾರರೇ ಎಂದು ನನಗೆ ಹೊಳೆದದ್ದು ಇದನ್ನು ಓದಿದ ಮೇಲೆ.

ಈ ಐದರಲ್ಲಿ ನೇರವಾಗಿ ಪಾಠಕ್ಕೆ ಒದಗಿದ್ದು ಒಂದೇ. ಉಳಿದ ನಾಲ್ಕು ನನ್ನ ಪಾಠಯೋಜನೆಯ ಯಾವ ಕಾಲಮ್ಮಿನಲ್ಲೂ ಕೂರುವುದಿಲ್ಲ. ಅವು ಕಲಿಸಿದ್ದು ಯಾರನ್ನು ಯಾವ ದನಿಯಲ್ಲಿ ಪ್ರಶ್ನೆ ಕೇಳಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಸುಮ್ಮನಿರಬಾರದು ಎಂಬುದನ್ನು. ಮುಂದಿನ ತಂಡದ ಗೆಳೆಯ ಗೆಳತಿಯರಲ್ಲಿ ನನ್ನದೊಂದು ವಿನಂತಿ: ಬೋಧನಾಭ್ಯಾಸಕ್ಕೆ ಹೊರಡುವ ಮೊದಲು ಗ್ರಂಥಾಲಯದಿಂದ ನಿಮ್ಮ ವಿಷಯಕ್ಕೆ ಸಂಬಂಧಪಡದ ಒಂದು ಪುಸ್ತಕವನ್ನಾದರೂ ತೆಗೆದುಕೊಳ್ಳಿ. 'ಊರುಕೇರಿ'ಯಿಂದ ಶುರು ಮಾಡಿದರೆ ಒಳ್ಳೆಯದು. ತೆಳ್ಳಗಿದೆ, ಎರಡು ದಿನದ ಬಸ್ ಪ್ರಯಾಣಕ್ಕೆ ಸಾಕು.