ಮೈಸೂರಿನ ಬೀದಿಯಲ್ಲಿ ಟ್ರಿಣ್ ಟ್ರಿಣ್

ಮೈಸೂರು ಸೈಕಲ್ಲಿಗೆಂದೇ ಹೇಳಿ ಮಾಡಿಸಿದ ಊರು ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಅರಮನೆಯ ಸುತ್ತ ಅಗಲವಾದ ರಸ್ತೆಗಳು, ಹಲವು ಕಡೆ ಮರಗಳ ನೆರಳು, ದಾರಿ ಕೂಡುವಲ್ಲೆಲ್ಲ ಒಂದೊಂದು ವೃತ್ತ. ರೈಲು ನಿಲ್ದಾಣ, ಕಾಲೇಜುಗಳು, ಮಾರುಕಟ್ಟೆ, ಕಚೇರಿಗಳು ಎಲ್ಲವೂ ಮೂರು ನಾಲ್ಕು ಕಿಲೋಮೀಟರಿನೊಳಗೆ. ನಡೆದರೆ ಕಾಲು ನೋಯುವಷ್ಟು ದೂರ, ಆಟೋ ಹತ್ತಿದರೆ ಜೇಬು ನೋಯುವಷ್ಟು ಹತ್ತಿರ.

ಇಂಥ ಊರಿನಲ್ಲಿ ಓದಿದ ಅಪ್ಪಂದಿರಿಗೆ ಬಾಡಿಗೆ ಸೈಕಲ್ ಹೊಸದೇನಲ್ಲ. ಬೀದಿಗೊಂದು ಸೈಕಲ್ ಶಾಪು ಇದ್ದ ಕಾಲವದು. ಗಂಟೆಗಿಷ್ಟು ಎಂದು ಬಾಡಿಗೆ. ಅಂಗಡಿಯವರು ನೋಟ್ ಬುಕ್ಕಿನಲ್ಲಿ ಹೆಸರು, ಹೊರಟ ಹೊತ್ತು ಬರೆದುಕೊಂಡು, "ಯಾರ ಮಗನಪ್ಪ ನೀನು?" ಎಂದು ವಿಚಾರಿಸಿ ಸೈಕಲ್ ಕೊಡುತ್ತಿದ್ದರು. ಆ ಪ್ರಶ್ನೆಯೇ ಠೇವಣಿ. ಸೈಕಲ್ ಬೀಳಿಸಿದರೆ ಸಂಜೆಯೊಳಗೆ ಸುದ್ದಿ ಮನೆ ತಲುಪುತ್ತಿತ್ತು. ಆದರೆ ಒಂದು ಕಟ್ಟು: ತೆಗೆದುಕೊಂಡ ಅಂಗಡಿಗೇ ತಂದು ಒಪ್ಪಿಸಬೇಕು. ಹೋದವರು ಹಿಂತಿರುಗಲೇಬೇಕು.

2017ರ ಜೂನ್ ತಿಂಗಳಲ್ಲಿ ಮೈಸೂರಿನಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಯೋಜನೆ ಆ ಕಟ್ಟನ್ನು ಬಿಚ್ಚಿತು. ಬೆಲ್ಲಿನ ಸದ್ದನ್ನೇ ಹೆಸರಾಗಿ ಇಟ್ಟುಕೊಂಡ ಈ ಯೋಜನೆಯಲ್ಲಿ ಮೊದಲಿಗೆ ಇದ್ದದ್ದು 450 ಸೈಕಲ್ಲು, 48 ನಿಲ್ದಾಣ. ಸದಸ್ಯರ ಕೈಗೊಂದು ಕಾರ್ಡು. ಒಂದು ನಿಲ್ದಾಣದಲ್ಲಿ ಕಾರ್ಡು ತೋರಿಸಿ ಸೈಕಲ್ ಬಿಡಿಸಿಕೊಂಡರೆ, ಬೇಕಾದ ಇನ್ನೊಂದು ನಿಲ್ದಾಣದಲ್ಲಿ ಸಿಕ್ಕಿಸಿ ಕೈ ಝಾಡಿಸಿಕೊಂಡು ಹೋಗಬಹುದಿತ್ತು. ವಿಶ್ವಬ್ಯಾಂಕಿನ ಮೂಲಕ ಬಂದ ಪರಿಸರ ನಿಧಿಯ ನೆರವೂ ಇದರ ಹಿಂದೆ ಇತ್ತು. ಸಾರ್ವಜನಿಕ ಸೈಕಲ್ ವ್ಯವಸ್ಥೆಯಲ್ಲಿ ಮೈಸೂರು ದೇಶಕ್ಕೇ ದಾರಿ ತೋರಿತೆಂಬ ಹೆಮ್ಮೆ ಆಗ ಊರಿನವರ ಮಾತಿನಲ್ಲಿ ಕೇಳಿಬರುತ್ತಿತ್ತು.

ಇದರ ಲಾಭ ಅರಿಯಬೇಕಾದರೆ ಬೆಳಗಿನ ರೈಲಿನಲ್ಲಿ ನಂಜನಗೂಡಿನ ಕಡೆಯಿಂದ ಬಂದಿಳಿಯುವ ವಿದ್ಯಾರ್ಥಿಯನ್ನು ನೆನೆಯಬೇಕು. ಅವನು ಹೋಗಬೇಕಾದದ್ದು ಮಾನಸಗಂಗೋತ್ರಿಗೆ. ನಿಲ್ದಾಣದಿಂದ ಕಲಾಮಂದಿರದ ಮುಂದೆ ಹಾದು ಹೋದರೆ ಹೆಚ್ಚುಕಡಿಮೆ ಮೂರು ಕಿಲೋಮೀಟರ್. ನಡೆದರೆ ಮುಕ್ಕಾಲು ಗಂಟೆಯ ದಾರಿ. ಬಸ್ಸಿಗೆ ಕಾಯುವ ಹೊತ್ತು ದೇವರೇ ಬಲ್ಲ. ಸೈಕಲ್ಲಿನಲ್ಲಾದರೆ ಕಾಲು ಗಂಟೆ. ಸ್ವಂತ ಸೈಕಲ್ಲನ್ನು ರೈಲಿನಲ್ಲಿ ದಿನವೂ ಹೊತ್ತು ತರಲಾಗದು. ನಿಲ್ದಾಣದ ಬಳಿ ರಾತ್ರಿಯೆಲ್ಲ ಬಿಟ್ಟು ಹೋಗಲು ಧೈರ್ಯ ಸಾಲದು. ಪಂಕ್ಚರ್ ಹಾಕಿಸುವ, ಚೈನಿಗೆ ಎಣ್ಣೆ ಬಿಡುವ, ಬೀಗದ ಕೈ ಕಳೆದು ಪರದಾಡುವ ಚಿಂತೆಯೂ ಇಲ್ಲ. ಪೆಟ್ರೋಲಿನ ಖರ್ಚಿಲ್ಲ, ಹೊಗೆಯಿಲ್ಲ, ಮೈಗೆ ವ್ಯಾಯಾಮ ಬೇರೆ. ಮಗನಿಗೆ ಮೋಟರ್ ಬೈಕ್ ಕೊಡಿಸಲು ಸಾಲ ಮಾಡಬೇಕೇ ಎಂದು ಯೋಚಿಸುವ ತಂದೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದ್ದೀತು?

ಆದರೆ ಅದೇ ವಿದ್ಯಾರ್ಥಿ ಪರೀಕ್ಷೆಯ ದಿನ ರೈಲಿಳಿದು ಬಂದಾಗ ನಿಲ್ದಾಣ ಖಾಲಿ ಇದ್ದರೆ? ಅವನಿಗಿಂತ ಮೊದಲು ಬಂದವರು ಎಲ್ಲ ಸೈಕಲ್ಲುಗಳನ್ನೂ ಒಯ್ದಿದ್ದರೆ? ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುವುದು ಇದಕ್ಕೇ. ಇನ್ನೊಂದು ಕಡೆ, ಸೇರಬೇಕಾದ ನಿಲ್ದಾಣ ತುಂಬಿದ್ದರೆ ಸೈಕಲ್ ಸಿಕ್ಕಿಸಲು ಜಾಗವೇ ಇಲ್ಲ. ಮುಂದಿನ ನಿಲ್ದಾಣ ಹುಡುಕಿಕೊಂಡು ಹೋಗಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ಹಿಂದೆ ಬರಬೇಕು. ಕಾರಣ ಸರಳ. ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ಮರಳುತ್ತಾರೆ. ಸೈಕಲ್ಲುಗಳು ತಾವಾಗಿ ಹಿಂದಕ್ಕೆ ಹೋಗುವುದಿಲ್ಲ; ಯಾರೋ ವಾಹನದಲ್ಲಿ ಹೇರಿಕೊಂಡು ಹಂಚಬೇಕು.

ಲೆಕ್ಕವನ್ನೂ ನೋಡಬೇಕು. 2011ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 9 ಲಕ್ಷ. 450 ಸೈಕಲ್ಲೆಂದರೆ ಎರಡು ಸಾವಿರ ಮಂದಿಗೆ ಒಂದು. ಪ್ಯಾರಿಸ್ ನಗರ 2007ರ ಜುಲೈ 15ರಂದು 'ವೆಲಿಬ್' ಯೋಜನೆ ತೆರೆದಾಗ ಮೊದಲ ದಿನವೇ ಇಳಿಸಿದ್ದು ಸಾವಿರಾರು ಸೈಕಲ್ಲು. ಸರಾಸರಿ 300 ಮೀಟರಿಗೊಂದು ನಿಲ್ದಾಣ ಎಂಬುದು ಅಲ್ಲಿನ ಲೆಕ್ಕಾಚಾರ. ಒಂದು ನಿಲ್ದಾಣ ಖಾಲಿಯಾದರೆ ಇನ್ನೊಂದು ಕೂಗಳತೆಯಲ್ಲಿ ಸಿಗುತ್ತದೆ. ಸೈಕಲ್ ಯೋಜನೆಯ ಗುಟ್ಟು ಇರುವುದು ಇಲ್ಲೇ. ಸೈಕಲ್ ಹಿಡಿಯಲು ಒಂದು ಕಿಲೋಮೀಟರ್ ನಡೆಯಬೇಕಾದರೆ ಉಳಿದೆರಡನ್ನೂ ನಡೆದೇ ಮುಗಿಸುತ್ತಾರೆ ಜನ.

ಹಾಗೆಂದು ಪ್ಯಾರಿಸ್ಸಿನವರು ಸುಖವಾಗಿದ್ದರೆಂದಲ್ಲ. ಮೊದಲ ಎರಡು ವರ್ಷಗಳಲ್ಲೇ ಸಾವಿರಾರು ಸೈಕಲ್ಲುಗಳು ಕಳವಾದವು, ಸಾವಿರಾರು ಮುರಿದವು. ಮೊಂಮಾರ್ತ್ರ್ ಗುಡ್ಡದ ಮೇಲಿನವರು ಇಳಿಜಾರಿನಲ್ಲಿ ಸೈಕಲ್ಲಿನಲ್ಲಿ ಜಾರಿಕೊಂಡು ಬಂದು, ಹತ್ತುವಾಗ ಮೆಟ್ರೋ ಹಿಡಿದರು! ಮೇಲಿನ ನಿಲ್ದಾಣಗಳು ಸದಾ ಖಾಲಿ, ಕೆಳಗಿನವು ಸದಾ ಭರ್ತಿ. ಕೊನೆಗೆ ಏರು ಹತ್ತಿ ಸೈಕಲ್ ತಲುಪಿಸಿದವರಿಗೆ ಹದಿನೈದು ನಿಮಿಷದ ಪುಕ್ಕಟೆ ಸವಾರಿ ಕೊಡಬೇಕಾಯಿತು. ನಮ್ಮ ಯಾದವಗಿರಿಯ ಏರು ಬಲ್ಲವರಿಗೆ ಇದು ಅರ್ಥವಾದೀತು. 2018ರಲ್ಲಿ ನಡೆಸುವ ಕಂಪನಿ ಬದಲಾದಾಗ ತಿಂಗಳುಗಟ್ಟಲೆ ವ್ಯವಸ್ಥೆ ಹದಗೆಟ್ಟು, ದಿನವೂ ನಂಬಿಕೊಂಡಿದ್ದವರು ಬೀದಿಯಲ್ಲಿ ನಿಂತರು. ಆಮೇಲೆ ಚೇತರಿಸಿಕೊಂಡಿತು ಎನ್ನುವುದು ಬೇರೆ ಮಾತು.

ಇನ್ನೂ ಹಿಂದಕ್ಕೆ ಹೋದರೆ, 1965ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಕೆಲವು ಯುವಕರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟರು. ಬೇಕಾದವರು ಓಡಿಸಲಿ ಎಂಬುದು ಅವರ ಆಸೆ. ಬೀಗ ಹಾಕದ ಸೈಕಲ್ ಬೀದಿಯಲ್ಲಿ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಎತ್ತಿಕೊಂಡು ಹೋದರು. ಅಲ್ಲಿ ಬರೀ ನಂಬಿಕೆ ಇತ್ತು, ವ್ಯವಸ್ಥೆ ಇರಲಿಲ್ಲ.

ಮೈಸೂರಿನಲ್ಲಿ ವ್ಯವಸ್ಥೆ ಇತ್ತು. ವರ್ಷಗಳುರುಳಿದಂತೆ ಸೈಕಲ್ಲುಗಳು ಹಳತಾಗಿ, ಸೀಟು ಹರಿದಿದೆ, ಬ್ರೇಕ್ ಹಿಡಿಯುತ್ತಿಲ್ಲ ಎಂಬ ದೂರುಗಳು ಬಂದವು. ಹೊಸ ಸೈಕಲ್ ಕೊಳ್ಳಲು ಒಮ್ಮೆ ಹಣ ಸಿಗುತ್ತದೆ, ಉದ್ಘಾಟನೆಗೆ ಗಣ್ಯರೂ ಸಿಗುತ್ತಾರೆ. ದಿನವೂ ಗಾಳಿ ಹಾಕಿ ಬ್ರೇಕ್ ಬಿಗಿಮಾಡಲು ಕೈ ಬೇಕು, ಕೈಗೆ ಸಂಬಳ ಬೇಕು. ಸವಾರರು ತೆರುವ ಚಿಲ್ಲರೆ ಬಾಡಿಗೆಯಿಂದ ಅದು ಹುಟ್ಟುವುದು ಕಷ್ಟ. ಪ್ಯಾರಿಸ್ ತನ್ನ ಯೋಜನೆಯನ್ನು ಮೊದಲು ನಡೆಸಿದ್ದು ಜಾಹೀರಾತು ಫಲಕಗಳ ಹಕ್ಕು ಕೊಟ್ಟು.

ತಾಯಂದಿರ ಚಿಂತೆ ಬೇರೆ. ಬಸ್ಸು, ಲಾರಿಗಳ ನಡುವೆ ಮಗು ಹೇಗೆ ಹೋದೀತು? ಸೈಕಲ್ಲಿಗೆಂದು ಪ್ರತ್ಯೇಕ ದಾರಿಯಿಲ್ಲದಿದ್ದರೆ ಆ ಭಯ ಸಹಜವೇ. ಹೆಲ್ಮೆಟ್ಟಿನದೂ ಒಂದು ತೊಡಕು. ಅದು ಕಡ್ಡಾಯವಾಗಿದ್ದ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ, ಹಠಾತ್ತಾಗಿ ಸೈಕಲ್ ಹತ್ತುವವರ ಬಳಿ ಹೆಲ್ಮೆಟ್ ಇರುತ್ತಿರಲಿಲ್ಲ. 2010ರಲ್ಲಿ ಆರಂಭವಾದ ಯೋಜನೆಗೆ ಸವಾರರು ಸಾಲದೆ 2019ರಲ್ಲಿ ಮುಚ್ಚಿತು. ನಮ್ಮಲ್ಲಿ 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿದೆ. ಬಸ್ಸೇ ಪುಕ್ಕಟೆ ಇರುವಾಗ ಕಾಸು ಕೊಟ್ಟು ಸೈಕಲ್ ತುಳಿಯೆಂದರೆ ಮಗಳು ಕೇಳುವಳೇ? ಆದರೆ ಬಸ್ಸು ಇಳಿದ ಮೇಲೂ ಒಂದೂವರೆ ಕಿಲೋಮೀಟರ್ ಉಳಿದಿದ್ದರೆ ಅಲ್ಲಿ ಸೈಕಲ್ ಬೇಕಾದೀತು. ಬಸ್ಸಿಗೆ ಅದು ಸವತಿಯಲ್ಲ, ತಂಗಿ.

ಆದ್ದರಿಂದ ಯಾವ ಊರಿನಲ್ಲೇ ಆಗಲಿ, ಇಂಥ ಸೈಕಲ್ಲನ್ನು ನಂಬಿ ಕಾಲೇಜು ಸೇರುವ ಮೊದಲು ಅಪ್ಪ, ಮಕ್ಕಳು ಒಂದು ಬೆಳಿಗ್ಗೆ ಕೂಡಿ ಹೋಗಿ ನೋಡುವುದು ಒಳ್ಳೆಯದು. ಒಂಬತ್ತು ಗಂಟೆಗೆ ಮನೆ ಕಡೆಯ ನಿಲ್ದಾಣದಲ್ಲಿ ಸೈಕಲ್ ಉಳಿದಿರುತ್ತದೆಯೇ, ಕಾಲೇಜಿನ ಬಳಿ ಜಾಗ ಸಿಗುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ. ಪರೀಕ್ಷೆಯ ದಿನಕ್ಕೆ ಬಸ್ಸಿನ ದಾರಿಯೂ ಗೊತ್ತಿರಲಿ.

ಸೈಕಲ್ ಶಾಪಿನ ನೋಟ್ ಬುಕ್ಕಿನಲ್ಲಿ ಹೆಸರಿತ್ತು. ಕಾರ್ಡಿನಲ್ಲಿರುವುದು ಬರೀ ಸಂಖ್ಯೆ. ಹತ್ತು ಜನರ ಸೈಕಲ್ಲು ಯಾರ ಸೈಕಲ್ಲೂ ಅಲ್ಲವೆಂದುಕೊಂಡರೆ ಅದು ವರ್ಷದೊಳಗೆ ಗುಜರಿ ಸೇರುತ್ತದೆ. ಸಿಕ್ಕಿಸುವ ಮುನ್ನ ಸೀಟಿನ ಧೂಳು ಒರೆಸಿ, ಬ್ರೇಕ್ ಸಡಿಲವಾಗಿದ್ದರೆ ತಿಳಿಸಿ ಹೋಗುವ ಒಬ್ಬ ಹುಡುಗಿ ಇದ್ದರೆ, ಅವಳ ಹಿಂದೆ ಬರುವ ಹುಡುಗ ಹೊತ್ತಿಗೆ ಸರಿಯಾಗಿ ತರಗತಿ ಸೇರುತ್ತಾನೆ. "ಯಾರ ಮಗಳಮ್ಮ ನೀನು?" ಎಂದು ಅವಳನ್ನು ಕೇಳಲು ಅಲ್ಲಿ ಯಾರೂ ಇರುವುದಿಲ್ಲ, ಅಷ್ಟೆ.