ಕೈಗಡದ ಪ್ರಾಜೆಕ್ಟ್

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಕ್ಲಾಸಿನಲ್ಲಿ ಅರ್ಧ ಜನ ಲೈಬ್ರರಿ ಮ್ಯಾನೇಜ್‌ಮೆಂಟ್ ತಗೊಂಡರು. ನಾವು ನಾಲ್ವರು ಕಬ್ಬು ತಗೊಂಡೆವು. ಕಾರಣ ದೊಡ್ಡದೇನಲ್ಲ, ನಮ್ಮಲ್ಲಿ ಒಬ್ಬನ ಊರು ಗಲಗಲಿ. ಬೀಳಗಿ ತಾಲೂಕು, ಕೃಷ್ಣಾ ದಂಡೆ, ಎತ್ತ ನೋಡಿದರೂ ಕಬ್ಬು. ಅವನ ಕಾಕಾ ಕಬ್ಬು ಕಡಿಯುವ ಗ್ಯಾಂಗಿನ ಲೆಕ್ಕ, ಟ್ರ್ಯಾಕ್ಟರ್ ಟ್ರಿಪ್ಪು, ಟನ್ನು, ಕೊಟ್ಟ ಅಡ್ವಾನ್ಸು ಎಲ್ಲಾ ಒಂದು ಕೆಂಪು ವಹಿಯಲ್ಲಿ ಬರೆದಿಡುತ್ತಾರೆ. ಆ ವಹಿಯನ್ನು ಜಾವಾದಲ್ಲಿ ಮಾಡೋಣ ಅಂತ ಹೊರಟೆವು. ಶನಿವಾರ ಊರಲ್ಲಿ ಕಾಕಾಗೆ ತೋರಿಸುವುದು, ಸೋಮವಾರ ಕಾಲೇಜಿನಲ್ಲಿ ರಿವ್ಯೂ.

ಬಿಲ್ಡ್‌ಗೆ ಮೇವನ್ ಬಳಸಿದ್ದೆವು. ಜೂನಿಯರ್‌ಗಳಿಗೆ ಗೊತ್ತಿಲ್ಲದಿದ್ದರೆ ಹೇಳ್ತೀವಿ: ಪಾಮ್ ಫೈಲಿನಲ್ಲಿ ಬೇಕಾದ ಲೈಬ್ರರಿಯ ಹೆಸರು, ವರ್ಷನ್ ಬರೆದರೆ ಮೇವನ್ ಅದನ್ನು ಮೇವನ್ ಸೆಂಟ್ರಲ್ ಎಂಬ ರೆಪಾಸಿಟರಿಯಿಂದ ತಂದು ನಮ್ಮ ಲ್ಯಾಪ್‌ಟಾಪಿನ ಡಾಟ್ ಎಂ-ಟೂ ಫೋಲ್ಡರಿನಲ್ಲಿ ಇಡುತ್ತದೆ. ಒಮ್ಮೆ ತಂದದ್ದನ್ನು ಮತ್ತೆ ತರುವುದಿಲ್ಲ. ಹಾಸ್ಟೆಲ್ ವೈಫೈನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಇದೆಲ್ಲಾ ಮುಗಿದಿರುತ್ತಿತ್ತು. ಹಾಗಾಗಿ ಎಲ್ಲಿಂದ ಏನು ಬರುತ್ತೆ ಅಂತ ನಾವು ಯಾವತ್ತೂ ನೋಡಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮಲ್ಲೊಬ್ಬರು ಒಂದು ಬುದ್ಧಿವಂತಿಕೆ ಮಾಡಿದರು. ಹೆಸರು ಬೇಡ, ಆ ತಪ್ಪನ್ನು ನಾಲ್ವರೂ ಹಂಚಿಕೊಂಡಿದ್ದೇವೆ. ಚೀಟಿಯನ್ನು ಪಿಡಿಎಫ್ ಮಾಡಲು ಪಿಡಿಎಫ್‌ಬಾಕ್ಸ್ ಹಾಕಿದ್ದೆವು, 2.0 ಸಾಲಿನ ಒಂದು ವರ್ಷನ್. ಆ ನಂಬರ್ ತೆಗೆದು, 'ಇದು ಅಥವಾ ಇದಕ್ಕಿಂತ ಹೊಸದು ಯಾವುದಾದರೂ ಸರಿ' ಎನ್ನುವ ಹಾಗೆ ರೇಂಜ್ ಬರೆದು, ಬಿಲ್ಡ್ ಮಾಡದೇ ಪುಶ್ ಮಾಡಿ ಮಲಗಿದರು.

ಗಲಗಲಿಯಲ್ಲಿ ಕೋಡ್ ಪುಲ್ ಮಾಡಿ ಬಿಲ್ಡ್ ಕೊಟ್ಟೆವು. ಮೇವನ್ ಹೇಳಿದಂತೆ ಕೇಳಿತು, ಹೊಸದನ್ನೇ ತಂದಿತು. ಪಿಡಿಎಫ್‌ಬಾಕ್ಸ್ 3.0 ಬಂದದ್ದು 2023ರಲ್ಲಿ, ಅದರಲ್ಲಿ ಫಾಂಟ್ ಹೆಸರಿಸುವ ರೀತಿಯೇ ಬೇರೆ. ನಾವು ಹೆಲ್ವೆಟಿಕಾ ಅಂತ ಬರೆದ ಸಾಲುಗಳೆಲ್ಲಾ ಎರರ್. ಆ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇಲ್ಲ, ಚೀಟಿ ಇಂಗ್ಲಿಷಿನಲ್ಲೇ ಬರುತ್ತಿತ್ತು, ಆ ನಾಚಿಕೆ ಬೇರೆ. ವರ್ಷನ್ ಬದಲಾಗಿದೆ ಅಂತ ನಮಗೆ ಹೊಳೆಯಲೇ ಇಲ್ಲ. ಡೌನ್‌ಲೋಡ್ ಕೆಟ್ಟಿರಬೇಕು ಅಂದುಕೊಂಡು ಡಾಟ್ ಎಂ-ಟೂ ಫೋಲ್ಡರನ್ನೇ ಡಿಲೀಟ್ ಮಾಡಿದೆವು. ಹಾಸ್ಟೆಲಿನಲ್ಲಿ ಎಲ್ಲಾ ರೋಗಕ್ಕೂ ಅದೇ ಮದ್ದು.

ಆದರೆ ಆ ಮನೆಯ ಪಡಸಾಲೆಯಲ್ಲಿ ಫೋನಿಗೆ ಸಿಗ್ನಲ್ ಒಂದೇ ಕಡ್ಡಿ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯಿತು. ಡೌನ್‌ಲೋಡ್ ಅರ್ಧಕ್ಕೆ ನಿಲ್ಲುವುದು, ನಾವು ಮತ್ತೆ ಶುರು ಮಾಡುವುದು, ಊಟದ ಹೊತ್ತಿನ ತನಕ ಇದೇ ನಡೀತು.

ಕಾಕಾ ಬಂದು ಕೂತರು. "ಏನ್ರಪಾ, ಮುಂಜಾನಿಂದ ಏನ್ ತರಸಾಕತ್ತೀರಿ?"

ಡಿಪೆಂಡೆನ್ಸಿ ಅಂದೆವು. ಅರ್ಥ ಹೇಳಲು ಹೋಗಿ ಸಿಕ್ಕಿಬಿದ್ದೆವು. ಮೂವರು ಇಂಗ್ಲಿಷ್ ಮೀಡಿಯಂ, ತಲೆಗೆ ಬಂದದ್ದು 'ಅವಲಂಬನೆ' ಒಂದೇ. ಬೇರೆಯವರು ಬರೆದಿಟ್ಟ ಕೋಡ್, ದುಡ್ಡಿಲ್ಲದೆ ತಂದು ಬಳಸ್ತೀವ್ರಿ ಅಂದಾಗ ಕಾಕಾ, "ಹಂಗಂದ್ರ ಕೈಗಡ ಅನ್ರಲಾ. ಎಷ್ಟ್ ಮಂದಿ ಕಡೆ ತಂದೀರಿ?" ಅಂದರು.

ಇನ್ನೂ ಪುಲ್ ಮಾಡದೇ ಇದ್ದ ಒಂದು ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆಗೆದೆವು. ನಾವು ಬರೆದದ್ದು ಐದು ಹೆಸರು. ಪಟ್ಟಿಯಲ್ಲಿ ಐವತ್ತು ದಾಟಿತ್ತು. ನಾವು ಸಾಲ ತಂದವರು ತಾವೂ ಬೇರೆಯವರ ಹತ್ತಿರ ತಂದಿದ್ದರು. ಅದರಲ್ಲಿ ಲಾಗ್-ಫೋರ್-ಜೆ ಅಂತ ಹೆಸರು ಕಂಡು ಎದೆ ಧಸಕ್ ಅಂತು. 2021ರ ಡಿಸೆಂಬರಿನಲ್ಲಿ ಜಗತ್ತಿನ ಸರ್ವರ್‌ಗಳವರ ನಿದ್ದೆ ಕೆಡಿಸಿದ ಹೆಸರದು. ಆಮೇಲೆ ಓದಿದೆವು: ತೂತು ಇದ್ದದ್ದು ಅದರ ಕೋರ್ ಜಾರ್‌ನಲ್ಲಿ, ಸ್ಪ್ರಿಂಗ್ ಬೂಟ್ ಜೊತೆ ನಮಗೆ ಬಂದದ್ದು ಎಪಿಐ ಮಾತ್ರ. ಬಚಾವ್. ಆದರೆ ಆವತ್ತು ಆ ಪಡಸಾಲೆಯಲ್ಲಿ ನಾಲ್ವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

"ಕೊಟ್ಟಾಂವ ಅಂಗಡಿ ಮುಚ್ಚಿದ್ರ?" ಕಾಕಾ ಕೇಳಿದ್ದು ತಮಾಷೆಗೆ. ಅಂಥದ್ದೂ ಆಗಿದೆ. ಆಂಡ್ರಾಯ್ಡ್‌ನವರು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಜೆಸೆಂಟರ್ ರೆಪಾಸಿಟರಿ ನಿಲ್ಲುತ್ತದೆ ಅಂತ 2021ರ ಫೆಬ್ರವರಿಯಲ್ಲಿ ಪ್ರಕಟಣೆ ಬಂತು. ಕೆಲವು ವರ್ಷ ಓದಲು ಮಾತ್ರ ಇಟ್ಟಿದ್ದು, 2024ರ ಆಗಸ್ಟಿನಲ್ಲಿ ಅಲ್ಲಿಗೆ ಬಂದವರನ್ನೆಲ್ಲಾ ಮೇವನ್ ಸೆಂಟ್ರಲ್‌ಗೆ ತಿರುಗಿಸಿದರು. ಅಲ್ಲಿ ಮಾತ್ರ ಇದ್ದ ಲೈಬ್ರರಿ ಬಳಸಿದ್ದ ಹಳೇ ಪ್ರಾಜೆಕ್ಟ್‌ಗಳಿಗೆ ದಾರಿ ಇಲ್ಲದಾಯಿತು.

ಕಾಕಾ ವಹಿ ತಂದು ತೋರಿಸಿದರು. ಕೆಳಗಿನ ಅಂಚಿನಲ್ಲಿ ನೀರಿನ ಕಲೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ತೋಟದ ಮನೆಯಲ್ಲಿ ಟಿವಿ ಬಿಟ್ಟು ಇದನ್ನು ತಲೆ ಮೇಲೆ ಇಟ್ಟುಕೊಂಡು ಹೊರಗೆ ಬಂದಿದ್ದರಂತೆ. ಹದಿನಾಲ್ಕು ಜೋಡಿಗಳ ಅಡ್ವಾನ್ಸ್ ಇದರಲ್ಲಿತ್ತು. "ನಿಮ್ದು ಹಿಂಗ್ ಎತ್ಕೊಂಡು ಹೋಗಾಕ ಬರ್ತೈತೇನು?"

ಅಲ್ಲಿಗೆ ನಮಗೆ ಬುದ್ಧಿ ಬಂತು. ಪುಲ್ ಮಾಡದ ಲ್ಯಾಪ್‌ಟಾಪಿನ ಡಾಟ್ ಎಂ-ಟೂ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಉಳಿದವಕ್ಕೆ ಕಾಪಿ ಮಾಡಿದೆವು. ರೇಂಜ್ ತೆಗೆದು ಹಳೇ ನಂಬರ್ ಪೂರ್ತಿ ಬರೆದೆವು. ಮೈನಸ್ ಓ ಕೊಟ್ಟು ಆಫ್‌ಲೈನ್ ಬಿಲ್ಡ್. ಕೋಡ್ ಕಂಪೈಲ್ ಆಯಿತು, ಕುಣಿದೆವು, ಜಾರ್ ಮಾಡುವ ಹೊತ್ತಿಗೆ ನಿಂತಿತು. ಆ ಲ್ಯಾಪ್‌ಟಾಪಿನಲ್ಲಿ ಯಾವತ್ತೂ ಐಡಿಇಯಲ್ಲೇ ರನ್ ಮಾಡಿದ್ದು, ಜಾರ್ ಕಟ್ಟುವ ಪ್ಲಗಿನ್ ಬಂದೇ ಇರಲಿಲ್ಲ. ಮೇವನ್‌ನಲ್ಲಿ ಪ್ಲಗಿನ್ನೂ ಕೈಗಡವೇ! ಲ್ಯಾಪ್‌ಟಾಪ್ ಹೊತ್ತು ಮಾಳಿಗೆ ಹತ್ತಿದೆವು. ಒಬ್ಬ ಫೋನ್ ಎತ್ತಿ ಹಿಡಿದ, ಒಬ್ಬ ಬ್ಯಾಟರಿ ಪರ್ಸೆಂಟ್ ಓದುತ್ತಿದ್ದ. ಸಂಜೆ ಹೊತ್ತಿಗೆ ಪ್ಲಗಿನ್ ಬಂತು. ಹಾಸ್ಟೆಲ್ ಬಿಡುವ ಮುಂಚೆ ಮೇವನ್‌ನ ಗೋ-ಆಫ್‌ಲೈನ್ ಗೋಲ್ ಓಡಿಸಿ, ಒಮ್ಮೆ ಪೂರ್ತಿ ಪ್ಯಾಕೇಜ್ ಮಾಡಿದ್ದರೆ ಈ ಸರ್ಕಸ್ ಬೇಕಿರಲಿಲ್ಲ. ನೀವಾದರೂ ಮಾಡಿ.

ರಾತ್ರಿ ಊಟ ಆದಮೇಲೆ ಡೆಮೊ. ಸ್ಪ್ರಿಂಗ್ ಬೂಟ್ ಕಟ್ಟುವ ಜಾರ್ ಒಳಗೆ ಎಲ್ಲಾ ಲೈಬ್ರರಿಗಳೂ ಸೇರಿರುತ್ತವೆ, ಜಾವಾ ಇದ್ದರೆ ನೆಟ್ ಇಲ್ಲದೇ ಓಡುತ್ತದೆ. ಪೆನ್‌ಡ್ರೈವ್ ಕೈಗೆ ಕೊಟ್ಟು, "ಎತ್ಕೊಂಡು ಹೋಗಾಕ ಬರ್ತೈತ್ರಿ ಕಾಕಾ" ಅಂದೆವು. ಚೀಟಿ ನೋಡಿ, "ಕನ್ನಡ ಬರಂಗಿಲ್ಲೇನು?" ಅಂದರು. ಬರ್ತೈತ್ರಿ, ಮುಂದಿನ ಸಲ ಅಂದೆವು. ಅವರು ಪೆನ್‌ಡ್ರೈವನ್ನು ವಹಿಯ ನಡುವೆ ಇಟ್ಟು, ಆವತ್ತಿನ ಟ್ರಿಪ್ಪನ್ನು ಪೆನ್ನಿನಲ್ಲೇ ಬರೆದರು.

ರಿವ್ಯೂ ಚೆನ್ನಾಗಿಯೇ ಆಯಿತು. ಈಗ ಪ್ರತಿ ತಿಂಗಳು ಆ ಐವತ್ತು ಹೆಸರುಗಳಲ್ಲಿ ಯಾವುದಕ್ಕಾದರೂ ಹೊಸ ತೂತು ಪತ್ತೆಯಾಗಿದೆಯಾ ಅಂತ ಸರದಿ ಮೇಲೆ ನೋಡುತ್ತೇವೆ. ನಾವು ಕಾಲೇಜಿನಲ್ಲಿ ಇರುವುದು ಇನ್ನೆರಡು ವರ್ಷ. ಆಮೇಲೆ ಯಾರು ನೋಡುತ್ತಾರೆ ಅಂತ ಕಾಕಾಗೆ ಇನ್ನೂ ಹೇಳಿಲ್ಲ.